ಎಡಗಡೆಯ ಗುಟುಕು

ಸೊಲ್ಲಾಪುರಕ್ಕೆ ಹೋಗಿದ್ದ ಬೆಲ್ಲ ವಾಪಸು ಬಂದ ಸುದ್ದಿಯನ್ನು ನನಗೆ ಹೇಳಿದವಳು ಅಕ್ಕ. ಅದೂ ಅಡುಗೆಮನೆಯಲ್ಲಿ, ದನಿ ತಗ್ಗಿಸಿ. ಹೊರಗೆ ಪಡಸಾಲೆಯಲ್ಲಿ ಭಾವ ಊಟಕ್ಕೆ ಕೂತಿದ್ದರು.

"ಲಾರಿ ಮಾಲೆಲ್ಲಾ ಉಪ್ಪುಪ್ಪಂತೆ ಕಣೋ ಮಲ್ಲಿ. ನಿಮ್ಮ ಭಾವನೇ ರುಚಿ ನೋಡಿ ಒಪ್ಪಿದ್ದು. ಅವತ್ತಿಂದ ಯಾರ ಹತ್ರಾನೂ ಸರಿಯಾಗಿ ಮಾತಾಡ್ತಿಲ್ಲ."

ಅದು ಎಪ್ಪತ್ತೆಂಟರ ಸುಗ್ಗಿಯ ಕಾಲ. ನಾನು ಕಡೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದೆ. ಭಾನುವಾರ ಬಂದರೆ ಬೀರೂರಿಗೆ ಹೋಗಿ ಅಕ್ಕ ದಾಕ್ಷಾಯಣಮ್ಮನ ಮನೆಯಲ್ಲಿ ಉಂಡು ಬರುವುದು ರೂಢಿ.

ಭಾವ ದೇವೀರಪ್ಪನವರದು ಬೆಲ್ಲದ ಮಂಡಿ. ಭದ್ರಾ ಕಾಲುವೆ ಬಂದ ಮೇಲೆ ತರೀಕೆರೆ ಕಡೆ ಕಬ್ಬು ಹೆಚ್ಚಿತ್ತು, ನೀರು ನಿಂತು ಚೌಳಾದ ನೆಲವೂ ಹೆಚ್ಚಿತ್ತು. ಚೌಳು ನೆಲದ ಕಬ್ಬಿನ ಬೆಲ್ಲ ನೋಡುವುದಕ್ಕೆ ಎಷ್ಟೇ ಚೆನ್ನಾಗಿರಲಿ, ತಿಂದಾಗ ಕೊನೆಯಲ್ಲಿ ಸಣ್ಣಗೆ ಉಪ್ಪು ತಗಲುತ್ತದೆ. ಆ ಉಪ್ಪನ್ನು ಹಿಡಿಯುವುದೇ ಭಾವನ ಕಸುಬು. ಬೆಲ್ಲದ ಪೆಂಟೆಯ ಮೂಲೆಯಿಂದ ಕಡಲೆಕಾಳಿನಷ್ಟು ಒಡೆದು ಬಾಯಿಗೆ ಹಾಕಿಕೊಂಡು, ಗಾದಿಯ ಮೇಲೆ ಕೂತು ಅವರು ಹೇಳಿದ ದರ್ಜೆಗೆ ರೈತರೂ ಎದುರಾಡುತ್ತಿರಲಿಲ್ಲ, ಕೊಳ್ಳುವವರೂ ಎದುರಾಡುತ್ತಿರಲಿಲ್ಲ.

ರುಚಿ ನೋಡುವುದರಲ್ಲಿ ಅವರದೊಂದು ಕ್ರಮವಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಮಂಡಿಗೆ ಹೊರಟರೆ ಎಡದವಡೆಯಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು ಸೇರಿ ಒಂದು ಉಂಡೆ ಕೂರುತ್ತಿತ್ತು. ಊಟಕ್ಕೆ ಬಿಟ್ಟರೆ ಅದು ಅಲ್ಲಿಂದ ಏಳುತ್ತಿರಲಿಲ್ಲ. ಬೆಲ್ಲ ನೋಡುತ್ತಿದ್ದದ್ದು ಬಲಗಡೆಯಲ್ಲಿ. "ಎಡಗಡೆ ಬಾಡಿಗೆಗೆ ಕೊಟ್ಟಿದೀನಿ, ಬಲಗಡೆ ಸ್ವಂತಕ್ಕೆ ಇಟ್ಕಂಡಿದೀನಿ" ಎಂದು ತಮಾಷೆ ಮಾಡುತ್ತಿದ್ದರು.

ನಾನು ಪಡಸಾಲೆಗೆ ಬಂದಾಗ ಅವರು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗುತ್ತಿದ್ದರು. ಮುದ್ದೆಯನ್ನು ನಮ್ಮ ಕಡೆ ಯಾರೂ ಅಗಿಯುವುದಿಲ್ಲ. ಹಾಗಾಗಿ ಆ ಊಟದಲ್ಲಿ ನನಗೆ ಏನೂ ವಿಶೇಷ ಕಾಣಲಿಲ್ಲ.

"ದೀಪಾವಳಿಯಿಂದ ರೊಟ್ಟಿನೇ ಬೇಡ ಅಂತಾರೆ. ಎರಡೊತ್ತೂ ಮುದ್ದೆ" ಅಂದಳು ಅಕ್ಕ.

"ರೊಟ್ಟಿ ಅಗಿಯೋಷ್ಟು ಪುರುಸೊತ್ತು ಎಲ್ಲೈತೆ" ಅಂದರು ಭಾವ.

ಕೈ ತೊಳೆಯುವ ಹೊತ್ತಿಗೆ ತರೀಕೆರೆಯ ಹೊನ್ನಯ್ಯ ಬಂದರು. ಅವರೂ ಬೆಲ್ಲದ ವ್ಯಾಪಾರದವರೇ. ಭಾವನ ಜೊತೆ ಓದಿದವರು, ಭಾವನಿಗೆ ಪೈಪೋಟಿ ಅಂತ ಇದ್ದರೆ ಅವರೊಬ್ಬರೇ.

"ಏನಪ್ಪಾ ದೇವೀರ, ಉಪ್ಪಿನಕಾಯಿಗೆ ಆಗೋವಂಥ ಬೆಲ್ಲ ಕಳ್ಸಿದ್ಯಂತೆ ಸೊಲ್ಲಾಪುರಕ್ಕೆ?"

"ಬಂದ್ಯಾ? ಇನ್ನೂ ಯಾಕೆ ಬರ್ಲಿಲ್ಲ ಅಂತಿದ್ದೆ."

ಹೊನ್ನಯ್ಯ ಕೂತರು. ಸ್ವಲ್ಪ ಹೊತ್ತಿನ ಮೇಲೆ ದನಿ ಬದಲಾಯಿಸಿ, "ನಿನ್ನ ಮಂಡೀಲಿ ಕೊಳ್ಳೋರೆಲ್ಲಾ ಮಾತಾಡ್ಕಂಡವ್ರೆ ಕಣೋ. ಬರೋ ಸಂತೆಯಿಂದ ಗಾದಿ ಮೇಲೆ ಇನ್ನೊಬ್ರು ಕೂತು ನೋಡ್ಬೇಕಂತೆ. ನನ್ನ ಕೇಳವ್ರೆ" ಅಂದರು.

ಭಾವನ ಮುಖ ಕೆಂಪಾಯಿತು. ತಂದೆಯ ಕಾಲದಿಂದ ಆ ಗಾದಿಯ ಮೇಲೆ ಇನ್ನೊಬ್ಬರು ಕೂತದ್ದಿಲ್ಲ. "ನನ್ನ ನಾಲಿಗೆಗೆ ಏನೂ ಆಗಿಲ್ಲ. ಏನ್ ಬೇಕಾದ್ರೂ ತಂದಿಡು, ಹೇಳ್ತೀನಿ."

"ಬೆಲ್ಲ ಇಟ್ರೆ ನೀನು ಬಣ್ಣ ನೋಡೇ ಊರು ಹೇಳ್ಬಿಡ್ತೀಯ. ನಿನಗೆ ಗೊತ್ತೇ ಇಲ್ಲದ್ದು ಇಡ್ಬೇಕು."

ನನ್ನ ಸಹಪಾಠಿ ಬಸವರಾಜಪ್ಪನ ಬಾಟಲಿಗಳ ವಿಷಯ ನಾನೇ ಹಿಂದೊಮ್ಮೆ ಆ ಮನೆಯಲ್ಲಿ ಹೇಳಿದ್ದೆ. ಅವನು ಲಕ್ಕವಳ್ಳಿಯ ಪವರ್ ಹೌಸಿನಲ್ಲಿ ಇಂಜಿನಿಯರ್. ಟರ್ಬೈನು ರಿಪೇರಿಗೆ ಬಂದಿದ್ದ ಸ್ಕಾಟ್‌ಲೆಂಡಿನವನೊಬ್ಬ ಹೋಗುವಾಗ ಮೂರು ಬಾಟಲಿ ವಿಸ್ಕಿ ಕೊಟ್ಟುಹೋಗಿದ್ದ. ಅಂಗಡಿಯ ಮಾಲಲ್ಲ. ಆತನ ಅಣ್ಣನಿಗೆ ಅಲ್ಲಿ ವಿಸ್ಕಿ ಪೀಪಾಯಿಗಳ ಉಗ್ರಾಣದಲ್ಲಿ ಕೆಲಸ. ಮೂರು ಪೀಪಾಯಿಗಳಿಂದ ನೇರವಾಗಿ ಹಿಡಿದು, ಒಂದು ಹನಿ ನೀರೂ ಸೇರಿಸದೆ ತುಂಬಿಸಿದ್ದ. ಬಸವರಾಜಪ್ಪ ಅವನ್ನು ಮುಟ್ಟಿರಲಿಲ್ಲ. ಭಾವನಿಗೆ ಆ ಮಾತು ನೆನಪಿತ್ತು.

"ಆ ಸ್ಕಾಚನ್ನೇ ಇಡು" ಅಂದರು. "ನಾನು ಹುಟ್ಟಿದಾಗಿನಿಂದ ಮುಟ್ಟಿಲ್ಲ. ಒಂದ್ಸಲ ನೋಡಿದ್ಮೇಲೆ ಮೂರನ್ನೂ ಹೆಂಗೆ ಅದಲುಬದಲು ಮಾಡಿ ಕೊಟ್ರೂ ಬೇರೆ ಮಾಡಿ ಹೇಳ್ತೀನಿ. ತಪ್ಪಿದ್ರೆ ಗಾದಿ ನಿಂದು."

ಹೊನ್ನಯ್ಯ ಒಪ್ಪಿದರು. ಲೋಟಕ್ಕೆ ಬಗ್ಗಿಸುವವನು ನಾನು. ಬಣ್ಣ ಕಾಣಬಾರದೆಂದು ಸ್ಟೀಲ್ ಲೋಟ. "ಮೇಷ್ಟ್ರೇ, ನಿಮ್ಮ ಮನಸ್ಸಿಗೆ ಬಂದ್ರೆ ಒಂದೆರಡಕ್ಕೆ ನೀರು ಬೆರೆಸಿ. ಅದನ್ನೂ ಅವನು ಹೇಳ್ಬೇಕು" ಎಂದು ಷರತ್ತು ಸೇರಿಸಿದರು. ಗೆದ್ದದ್ದು ಯಾರು ಎಂದು ಸಂತೆಯ ದಿನ ಮಂಡಿಯಲ್ಲಿ ಹೇಳುವವನೂ ನಾನೇ.

ಮುಂದಿನ ಭಾನುವಾರ ಬೆಳಿಗ್ಗೆ ನಾವು ಮೂವರೂ ಬಸ್ಸಿನಲ್ಲಿ ಲಕ್ಕವಳ್ಳಿಗೆ ಹೋದೆವು. ಅಕ್ಕನಿಗೆ ಅಣೆಕಟ್ಟೆ ನೋಡಲು ಹೋಗುತ್ತೇವೆ ಎಂದಷ್ಟೇ ಹೇಳಿದ್ದು. ನನ್ನ ಚೀಲದಲ್ಲಿ ಕಾಲೇಜಿನ ಹೈಡ್ರೋಮೀಟರು, ಥರ್ಮಾಮೀಟರು ಇದ್ದವು. ಬಸವರಾಜಪ್ಪನ ಕ್ವಾರ್ಟರ್ಸು ಅಣೆಕಟ್ಟೆಯ ಕೆಳಗೆ. ಟರ್ಬೈನು ತಿರುಗುತ್ತಿದ್ದಾಗ ಆ ಮನೆಯ ಗೋಡೆಗೆ ಕೈಯಿಟ್ಟರೆ ಸಣ್ಣ ನಡುಕ ತಿಳಿಯುತ್ತಿತ್ತು. ನೀರಿನ ಸದ್ದು ಯಾವ ಕೋಣೆಗೆ ಹೋದರೂ ಬಿಡುತ್ತಿರಲಿಲ್ಲ. ಅವನ ಹೆಂಡತಿ ತವರಿಗೆ ಹೋಗಿದ್ದಳು.

ನಾನು ಮೊದಲು ಮೂರರ ಸಾಂದ್ರತೆ ಅಳೆದೆ. ಉಷ್ಣತೆಯ ವ್ಯತ್ಯಾಸ ಕಳೆದು ನೋಡಿದರೆ ಮೂರರಲ್ಲೂ ಮದ್ಯಸಾರ ನೂರಕ್ಕೆ ಅರವತ್ತರ ಆಸುಪಾಸು. ಒಂದಕ್ಕೂ ಇನ್ನೊಂದಕ್ಕೂ ಹೆಚ್ಚಿನ ಅಂತರವಿಲ್ಲ. ಅಂಗಡಿಯಲ್ಲಿ ಸಿಗುವ ವಿಸ್ಕಿ ನಲವತ್ತನ್ನು ಸ್ವಲ್ಪ ದಾಟಿದರೆ ಹೆಚ್ಚು.

ಭಾವ ಹಿತ್ತಲಿಗೆ ಹೋಗಿ ಬಾಯಿಯ ಉಂಡೆ ಉಗಿದು, ಎರಡು ಸಲ ಮುಕ್ಕಳಿಸಿ ಬಂದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕೊರಳಿನ ಲಿಂಗದ ಕರಡಿಗೆಯನ್ನು ಬೆನ್ನ ಕಡೆಗೆ ಸರಿಸಿಕೊಂಡರು.

"ಆ ಕಡೆ ತಿರುಗಿಸಿದ್ರೆ ಲಿಂಗಪ್ಪನಿಗೆ ವಾಸನೆ ಹೊಡೆಯಲ್ವಾ?" ಅಂದರು ಹೊನ್ನಯ್ಯ.

"ನೀನು ಬಾಯಿ ಮುಚ್ಚಿದ್ರೆ ಅವನಿಗೆ ಗೊತ್ತಾಗಲ್ಲ."

ಸ್ಕಾಟ್‌ಲೆಂಡಿನವನು ಹೇಳಿಕೊಟ್ಟ ಕ್ರಮವನ್ನು ಬಸವರಾಜಪ್ಪ ವಿವರಿಸಿದ. ಮೊದಲು ಮೂಗು, ತುಸು ದೂರದಿಂದ. ಆಮೇಲೆ ಅರ್ಧ ಗುಟುಕು. ನುಂಗದೆ ಬಾಯಲ್ಲಿ ಹಿಡಿದು, ಆಮೇಲೆ ಉಗಿದರೂ ಆದೀತು. ಕೊನೆಗೆ ಕೆಲವು ಹನಿ ನೀರು ಬಿಟ್ಟು ಇನ್ನೊಮ್ಮೆ.

ಮೊದಲ ಸುತ್ತಿನಲ್ಲಿ ಯಾವುದು ಯಾವ ಬಾಟಲಿ ಎಂದು ಹೇಳಿಯೇ ಕೊಟ್ಟೆ. ಒಂದನೆಯದು ಹಳೆಯ ದ್ರಾಕ್ಷಾರಸದ ಪೀಪಾಯಿಯಲ್ಲಿ ಮಾಗಿದ್ದು. ಭಾವ ಮೂಗಿನ ಹತ್ತಿರ ಹಿಡಿದು, ಬಲಗಡೆಗೆ ಬಿಟ್ಟುಕೊಂಡು ಕಣ್ಣು ಮುಚ್ಚಿದರು. ಹಣೆಯ ನರ ಉಬ್ಬಿತು. ಉಗಿದು ಉಸಿರೆಳೆದುಕೊಂಡರು. "ಉರಿ ಆರ್ಲಿ ತಡಿ. ಹಾಂ. ತಳ ಹತ್ತಿದ ಪಾಕ, ಒಣದ್ರಾಕ್ಷಿ. ಅದರ ಹಿಂದೆ ಹಳೇ ಮರದ ಪೆಟ್ಟಿಗೆ."

ಎರಡನೆಯದಕ್ಕೆ, "ಕೊಬ್ಬರಿ. ಆಗತಾನೆ ಒಡೆದ ಗಿಟುಕು" ಅಂದರು. ಮೂರನೆಯದನ್ನು ಮೂಸಿದವರೇ ಲೋಟ ದೂರ ಹಿಡಿದರು. "ಆಲೆಮನೆ ಒಲೆಗೆ ಹಸಿ ಸಿಪ್ಪೆ ತುರುಕಿದಾಗ ಬರೋ ಹೊಗೆ. ಅಷ್ಟೇ ಅಲ್ಲ, ಇನ್ನೊಂದೈತೆ. ಆಸ್ಪತ್ರೆ ವಾಸನೆ."

ಬಸವರಾಜಪ್ಪ ನನ್ನ ಮುಖ ನೋಡಿದ. ಸ್ಕಾಟ್‌ಲೆಂಡಿನವನೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದನಂತೆ. ಹೊನ್ನಯ್ಯ ಹೆಂಡ, ಸಾರಾಯಿ ಎರಡನ್ನೂ ಬಲ್ಲವರು. ಅವರು ಒಂದು ಗುಟುಕಿಗೇ ಕೆಮ್ಮಿ ಕಣ್ಣೀರು ಒರೆಸಿಕೊಂಡರು. "ಇದು ಕುಡಿಯೋದಲ್ಲ ಕಣ್ರೀ, ಗಾಯ ತೊಳೆಯೋದು." ನಾನು ಎರಡನೆಯದರಲ್ಲಿ ಸ್ವಲ್ಪ ಬಾಯಿಗೆ ಹಾಕಿಕೊಂಡೆ. ನಾಲಿಗೆಯ ಮೇಲೆ ಕೆಂಡ ಉರುಳಿಸಿದ ಹಾಗಾಯಿತು. ನೀರು ಬಿಟ್ಟ ಮೇಲೆ ಮಾತ್ರ ಅದರ ಸಿಹಿ ತಿಳಿಯಿತು.

ಎರಡನೆಯ ಸುತ್ತಿಗೆ ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಆರು ಲೋಟಗಳಿಗೆ ಬಗ್ಗಿಸಿದೆ. ಒಂದೊಂದು ಬಾಟಲಿಯದು ಎರಡೆರಡು. ತಳಕ್ಕೆ ಚೀಟಿ ಅಂಟಿಸಿದೆ. ನೀರಿನ ವಿಷಯ ಯೋಚಿಸಿದೆ. ನೀರು ಬೆರೆಸಬಹುದು ಎಂದು ಹೇಳಿ ಯಾವುದಕ್ಕೂ ಬೆರೆಸದೆ ಇಡುವುದೇ ಕಠಿಣವಾದ ಪರೀಕ್ಷೆ ಅನ್ನಿಸಿತು. ಯಾವುದಕ್ಕೂ ಬೆರೆಸಲಿಲ್ಲ.

ಮೊದಲನೆಯ ಲೋಟ. ಭಾವ ಮೂಸಿ, ಬಲಗಡೆ ಹಿಡಿದು, ಉಗಿದರು. "ಹೊಗೆದು. ನೀರಿಲ್ಲ." ಸರಿ. ಎರಡನೆಯದು, "ದ್ರಾಕ್ಷಿ. ನೀರಿಲ್ಲ." ಸರಿ. ಮೂರನೆಯದೂ ಸರಿ, ನಾಲ್ಕನೆಯದೂ ಸರಿ. ಅಷ್ಟರಲ್ಲಿ ಅವರ ಬಲಗೆನ್ನೆ ಕೆಂಪಾಗಿತ್ತು. ಬಲಗಣ್ಣಿನಿಂದ ನೀರು ಇಳಿಯುತ್ತಿತ್ತು. ಹೊನ್ನಯ್ಯ ಬಸವರಾಜಪ್ಪನ ಕಡೆ ತಿರುಗಿ, "ಗಾದಿ ಆಸೆ ಬಿಡೋದೇ ವಾಸಿ ಅನ್ಸುತ್ತೆ" ಅಂದರು.

ಐದನೆಯ ಲೋಟಕ್ಕೆ ಭಾವ ತಲೆಯನ್ನು ಸ್ವಲ್ಪ ವಾಲಿಸಿದರು. ಬಹಳ ಹೊತ್ತು ಹಿಡಿದರು. ಆರಾಮವಾಗಿ ಉಗಿದರು.

"ಕೊಬ್ಬರಿದು. ಆದ್ರೆ ನೀರು ಹಾಕಿದ್ದೀಯ ಮಲ್ಲಿ. ಚೆನ್ನಾಗೇ ಹಾಕಿದ್ದೀಯ."

ಆರನೆಯದನ್ನು ಕೊಟ್ಟೆ. ಮತ್ತೆ ತಲೆ ವಾಲಿತು.

"ದ್ರಾಕ್ಷಿದು. ಇದಕ್ಕಂತೂ ಅರ್ಧಕ್ಕರ್ಧ ನೀರು." ಭಾವ ಹೊನ್ನಯ್ಯನನ್ನು ನೋಡಿ ಮೀಸೆಯ ಮೇಲೆ ಕೈಯಾಡಿಸಿದರು. "ಆಯ್ತೇನಪ್ಪಾ?"

ಎಲ್ಲರೂ ನನ್ನ ಕಡೆ ನೋಡಿದರು. ಲೋಟಗಳ ತಳದ ಚೀಟಿಯಲ್ಲಿ ಬಾಟಲಿಯ ಅಂಕಿ ಬಿಟ್ಟರೆ ಬೇರೇನೂ ಇರಲಿಲ್ಲ. ನೀರು ಬೆರೆಸಿದ್ದೆ ಎಂದು ನಾನು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನ ತಲೆಯಲ್ಲಿ ಗಾದಿ ಇರಲಿಲ್ಲ. ಉರಿ ಅನ್ನುವುದು ರುಚಿಯಲ್ಲ, ನೋವು. ರುಚಿ ಹಿಡಿಯುವವರಿಗೂ ಹಿಡಿಯದವರಿಗೂ ಅರವತ್ತು ಭಾಗ ಮದ್ಯಸಾರ ಸುಡಲೇಬೇಕು. ಮೂಗು ಹೇಳಿದ್ದೆಲ್ಲ ಸರಿಯಾಗಿತ್ತು. ಬಲಗಡೆ ಸುಟ್ಟದ್ದೂ ಸರಿಯಾಗಿತ್ತು. ಐದನೆಯದಕ್ಕೂ ಆರನೆಯದಕ್ಕೂ ಅವರು ತಲೆ ವಾಲಿಸಿದ್ದು ಎಡಕ್ಕೆ.

"ಭಾವ, ಇನ್ನೊಂದು ಸಲ ನೋಡ್ತೀರಾ? ನಿಮ್ಮೆದುರಿಗೇ ಬಗ್ಗಿಸ್ತೀನಿ."

"ಯಾಕೆ, ಸರಿಯಾಗಿಲ್ವಾ?"

ಹೊಗೆಯ ವಾಸನೆಯ ಬಾಟಲಿಯಿಂದ ಒಂದೇ ಲೋಟಕ್ಕೆ, ಅವರ ಕಣ್ಣೆದುರೇ ಬಗ್ಗಿಸಿದೆ. ಬಲಗಡೆಗೆ ಒಂದು ಹನಿ ಬಿಟ್ಟುಕೊಳ್ಳಲು ಹೇಳಿದೆ. ಅವರು ಮುಖ ಕಿವುಚಿ ಉಗಿದರು. "ಈಗ ಅದೇ ಲೋಟದ್ದು ಎಡಗಡೆಗೆ."

ಅವರು ಒಂದು ಗುಟುಕು ಎಡಕ್ಕೆ ತೆಗೆದುಕೊಂಡು ಸುಮ್ಮನೆ ಕೂತರು. ಕಿಟಕಿಯಾಚೆ ಗೇಟಿನ ಹತ್ತಿರ ಒಂದು ಕೊಕ್ಕರೆ ನಿಂತಿತ್ತು. ಅವರು ಅದನ್ನು ನೋಡುತ್ತಿದ್ದರು. ಹೊನ್ನಯ್ಯನ ನಗು ಸ್ವಲ್ಪ ಹೊತ್ತು ಮುಖದ ಮೇಲಿತ್ತು, ಆಮೇಲೆ ಇಲ್ಲವಾಯಿತು. ಅಷ್ಟು ಹೊತ್ತು ಆ ದ್ರವವನ್ನು ಬಾಯಲ್ಲಿ ಯಾರೂ ಹಿಡಿಯಲಾರರು. ಕೆಳತುಟಿಯ ಎಡ ಮೂಲೆಯಿಂದ ಅದು ಸಣ್ಣಗೆ ಸೋರಿ ಗದ್ದಕ್ಕೆ ಇಳಿಯಿತು. ಅದು ಅವರಿಗೆ ತಿಳಿಯಲಿಲ್ಲ.

"ಉಗೀರಿ ಭಾವ."

ಉಗಿದರು. "ಇದು ನೀರು" ಅಂದರು. ನಂತರ ಲೋಟ ನೋಡಿದರು, ಬಾಟಲಿ ನೋಡಿದರು, ನನ್ನನ್ನು ನೋಡಿದರು. ತಾವೇ ಲೋಟ ಎತ್ತಿ ಮತ್ತೊಂದು ಗುಟುಕನ್ನು ಎಡಕ್ಕೆ ಹಾಕಿಕೊಂಡರು.

ನಾನು ಅವರನ್ನು ಬೆಳಕಿಗೆ ತಿರುಗಿಸಿ ಬಾಯಿ ತೆಗೆಯಲು ಹೇಳಿದೆ. ಎರಡು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ಚಮಚದ ಹಿಂಬದಿಯಿಂದ ಕೆನ್ನೆ ಸರಿಸಿ ನೋಡಿದೆ. ಉಂಡೆ ಕೂರುತ್ತಿದ್ದ ಜಾಗದಲ್ಲಿ ಮಾಂಸ ಬೆಳ್ಳಗೆ, ಬಿರುಸಾಗಿ, ಒಣಗಿದ ಸುಣ್ಣದ ಹಾಗೆ ಎದ್ದಿತ್ತು. ನಾಲಿಗೆಯ ಬುಡದ ಹತ್ತಿರ ಒಂದು ಹುಣ್ಣು. ಚಮಚದ ತುದಿ ಅದಕ್ಕೆ ತಗಲಿತು. ಅವರು ಅಲುಗಲಿಲ್ಲ.

"ಏನೈತೆ?" ಅಂದರು.

"ಡಾಕ್ಟರಿಗೆ ತೋರಿಸ್ಬೇಕು ಭಾವ. ಬೆಂಗಳೂರಿಗೆ ಹೋಗೋಣ. ನಾಳೆನೇ."

"ಸಣ್ಣ ಹುಣ್ಣು. ಸುಣ್ಣ ಜಾಸ್ತಿಯಾದ್ರೆ ಆಗುತ್ತೆ. ಸುಗ್ಗಿ ಮುಗೀಲಿ, ಯುಗಾದಿ ಕಳೀಲಿ, ನೋಡಾಣ."

"ನೋವಿದ್ದಿದ್ರೆ ಸಣ್ಣದು ಅಂತಿದ್ದೆ. ನೋವಿಲ್ಲ. ಅದಕ್ಕೇ ಹೇಳ್ತಿದೀನಿ."

ವಾಪಸು ಬರುವಾಗ ತರೀಕೆರೆಯಲ್ಲಿ ಬಸ್ಸು ನಿಂತಿತು. ಹೊನ್ನಯ್ಯ ಇಳಿಯಬೇಕಾದ ಊರು ಅದು. ಇಳಿಯುವ ಮೊದಲು ಅವರು ನನ್ನ ಪಕ್ಕಕ್ಕೆ ಬಂದು ಬಗ್ಗಿದರು. "ಮೇಷ್ಟ್ರೇ, ಆ ಎರಡಕ್ಕೂ ನೀರು ಹಾಕಿದ್ದೆ ಅಂತ ಮಂಡಿಯಲ್ಲಿ ಹೇಳ್ಬಿಡಿ. ಆರೂ ಸರಿ ಹೇಳ್ದ ಅಂತ ನಾನೂ ಹೇಳ್ತೀನಿ. ಗಾದಿ ಅವನದೇ ಇರ್ಲಿ."

ಮುಂದಿನ ಸೀಟಿನಿಂದ ಭಾವ ತಿರುಗದೆಯೇ, "ಹಂಗೇ ಹೇಳು ಮಲ್ಲಿ" ಅಂದರು. ಬಸ್ಸು ಹೊರಡುತ್ತಿದ್ದಂತೆ ಜೇಬಿನಿಂದ ಸಂಚಿ ತೆಗೆದು ಎಲೆಗೆ ಸುಣ್ಣ ಹಚ್ಚಿದರು.

ಅಕ್ಕನಿಗೆ ನಾನು ಎಲ್ಲವನ್ನೂ ಹೇಳಿದೆ, ಕುಡಿದದ್ದನ್ನೂ ಸೇರಿಸಿ. ಅವಳು ಕುಡಿದದ್ದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ದಿಂಬಿನ ಮೇಲೆ ಕೆಂಪು ಕಲೆ ಇರ್ತಿತ್ತು" ಅಂದಳು. "ಎಲೆಅಡಿಕೆ ರಸ ಅನ್ಕಂಡು ಒಗೀತಿದ್ದೆ. ಎರಡಕ್ಕೂ ಬಣ್ಣ ಒಂದೇ ಅಲ್ವೇನೋ." ಆ ರಾತ್ರಿ ಅವಳು ಹೇಳಿ ನೋಡಿದಳು. ಮರುದಿನ ನಾನು ಹೇಳಿ ನೋಡಿದೆ. ಭಾವನ ಉತ್ತರ ಬದಲಾಗಲಿಲ್ಲ. ಗಾದಿ ಇರುವವರೆಗೆ ಅವರು ಗಾದಿಯಿಂದ ಏಳುವುದಿಲ್ಲ ಎಂಬುದು ನನಗೆ ಅರ್ಥವಾಯಿತು. ಯುಗಾದಿಗೆ ಇನ್ನೂ ಎರಡು ತಿಂಗಳಿತ್ತು. ಆ ಹುಣ್ಣು ಯುಗಾದಿಯವರೆಗೆ ಕಾಯುತ್ತದೆ ಎಂದು ನಂಬಲು ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ.

ಸಂತೆಯ ದಿನ ಕಾಲೇಜಿಗೆ ರಜೆ ಹಾಕಿ ಮಂಡಿಗೆ ಹೋದೆ. ಎಂಟು ಹತ್ತು ಗಾಡಿ ಬೆಲ್ಲ ಬಂದಿತ್ತು. ಭಾವ ಗಾದಿಯ ಮೇಲಿದ್ದರು. ಅವರ ಎಡಗೆನ್ನೆ ಉಬ್ಬಿತ್ತು, ಉಂಡೆಯಿಂದಲೋ ಬೇರೆಯದರಿಂದಲೋ ಈಗ ನನಗೆ ಖಾತ್ರಿಯಿರಲಿಲ್ಲ. ಹೊನ್ನಯ್ಯ ಬಾಗಿಲ ಹತ್ತಿರ ನಿಂತಿದ್ದರು.

ಸಿಂಗಟಗೆರೆ ಕಡೆಯ ಹಿರಿಯ ವ್ಯಾಪಾರಿ ತೀರ್ಥಪ್ಪನವರು ಕೇಳಿದರು. "ಏನ್ ಮೇಷ್ಟ್ರೇ, ಪರೀಕ್ಷೆ ಏನಾಯ್ತು? ಹೊನ್ನಯ್ಯ ಆಗ್ಲೇ ಸೋತೆ ಅಂತವ್ರೆ."

ಭಾವ ನನ್ನನ್ನು ನೋಡಿದರು. ಕೇಳಿಕೊಳ್ಳುವ ನೋಟವಲ್ಲ. ನಾನು ಏನು ಹೇಳುತ್ತೇನೆ ಎಂಬ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ.

"ನಾನು ಯಾವುದಕ್ಕೂ ನೀರು ಬೆರೆಸಿರಲಿಲ್ಲ" ಅಂದೆ. "ಭಾವ ಎರಡು ತಪ್ಪು ಹೇಳಿದ್ರು. ಅವರ ಬಾಯಿಯ ಎಡಗಡೆಗೆ ಸ್ಪರ್ಶ ಇಲ್ಲ. ಬೆಂಕಿ ಇಟ್ರೂ ತಿಳಿಯಲ್ಲ. ಬಲಗಡೆಗೂ ಅದು ಹರಡ್ತಿರಬಹುದು. ಉಪ್ಪನ್ನ ಮೂಗು ಹಿಡಿಯಲ್ಲ, ಸೊಲ್ಲಾಪುರದ ಮಾಲು ಅದಕ್ಕೇ ತಪ್ಪಿದ್ದು ಅನ್ಸುತ್ತೆ."

ಬೆಲ್ಲದ ಚೂರು ಭಾವನ ಬೆರಳ ನಡುವೆಯೇ ಇತ್ತು. ಮುಂದಿದ್ದ ರೈತ ಒಂದು ಹೆಜ್ಜೆ ಹಿಂದೆ ಸರಿದ. ಅಗೌರವದಿಂದ ಅಲ್ಲ, ಕಾಯಿಲೆಯವರ ಮುಂದೆ ಜನ ಹಾಗೆ ಸರಿಯುತ್ತಾರೆ. ಭಾವ ಅದನ್ನು ನೋಡಿದರು. ಚೂರನ್ನು ತಟ್ಟೆಯಲ್ಲಿ ಇಟ್ಟು, ಮೊಣಕಾಲು ಹಿಡಿದುಕೊಂಡು ಎದ್ದರು.

"ಕೂತ್ಕಳಪ್ಪಾ ಹೊನ್ನಯ್ಯ."

"ನಾನು ಕೂರಲ್ಲ ಕಣೋ."

"ಮಾಲು ಬಿಸಿಲಿಗೆ ಕರಗುತ್ತೆ. ಕೂತ್ಕೋ."

ಹೊನ್ನಯ್ಯ ಚಪ್ಪಲಿ ಬಿಟ್ಟು, ಗಾದಿಯ ಅಂಚಿನಲ್ಲಿ, ಎದ್ದು ಹೋಗುವವರ ಹಾಗೆ ಕೂತರು. ಭಾವ ನನ್ನ ಪಕ್ಕದಲ್ಲೇ ಹಾದು ಹೊರಗೆ ಹೋದರು. ಮನೆಯಲ್ಲಿ ಅಕ್ಕನಿಗೆ, "ಇನ್ನೇನ್ ಕೆಲ್ಸ ಐತೆ ನನಗಿಲ್ಲಿ. ನಡಿ ಎಲ್ಲಿಗಂತೀಯೋ ಅಲ್ಲಿಗೆ" ಅಂದರಂತೆ.

ಮರುದಿನ ಬೆಳಗಿನ ರೈಲಿಗೆ ಮೂವರೂ ಹೊರಟೆವು. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಕಡೂರು ಹೋಯಿತು. ಅರಸೀಕೆರೆಯಲ್ಲಿ ರೈಲು ಬಹಳ ಹೊತ್ತು ನಿಂತಿದ್ದಾಗ, ಹಿಂದಿನ ದಿನದಿಂದ ಮೊದಲ ಬಾರಿಗೆ ನನ್ನನ್ನು ಮಾತಾಡಿಸಿದರು.

"ನಾಲಿಗೆ ತೆಗೀತಾರಾ ಮಲ್ಲಿ?"

ನಾನು ಪುಸ್ತಕಗಳಲ್ಲಿ ಹುಡುಕಿ ಓದಿದ್ದೆ. ಗೊತ್ತಿಲ್ಲ ಅನ್ನಲು ಆಗಲಿಲ್ಲ. "ಎಷ್ಟು ದೂರ ಹರಡಿದೆ ಅನ್ನೋದರ ಮೇಲೆ" ಅಂದೆ. "ಪೂರ್ತಿನೂ ತೆಗೀಬಹುದು."

ಅವರು ತಲೆಯಾಡಿಸಿದರು. ರೈಲು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಅಕ್ಕನ ಕಡೆ ತಿರುಗಿ ಮಾತಾಡಲು ಶುರು ಮಾಡಿದರು. ಮದುವೆಯಾದ ಹೊಸದರಲ್ಲಿ ಅಜ್ಜಂಪುರದ ಬಾವಿಯೊಂದರಲ್ಲಿ ಈಜು ಕಲಿತದ್ದು, ಅವರಪ್ಪ ಬೆಲ್ಲದ ಜೊತೆ ಮಣ್ಣನ್ನೂ ಬಾಯಿಗೆ ಹಾಕಿ ರುಚಿ ಹಿಡಿಯುವುದನ್ನು ಕಲಿಸಿದ್ದು, ಯಾವುದೋ ಎತ್ತು, ಯಾವುದೋ ಜಗಳ, ಅಕ್ಕನಿಗೆ ಯಾವತ್ತೂ ಹೇಳದೆ ಬಿಟ್ಟಿದ್ದ ಇನ್ನೂ ಏನೇನೋ. ಎದುರು ಸೀಟಿನವರು ಮೊದಲು ನಕ್ಕರು, ಆಮೇಲೆ ಕಿಟಕಿಯ ಕಡೆ ತಿರುಗಿದರು. ತಿಪಟೂರು ಬಂತು, ಹೋಯಿತು. ಅಕ್ಕ ಅವರ ಕೈ ಹಿಡಿದುಕೊಂಡು ಕೇಳುತ್ತಲೇ ಇದ್ದಳು. ತುಮಕೂರು ದಾಟಿದರೂ ಭಾವ ಮಾತು ನಿಲ್ಲಿಸಲಿಲ್ಲ.